ದ್ವೀಪದ ಮೋಡ, ಕೊಡಗಿನ ಹೂಮಳೆ

ಮಾನ್ಯರೆ,

ಸಣ್ಣ ದ್ವೀಪಗಳು ತಮ್ಮ ಮೋಡವನ್ನು ತಾವೇ ಕಟ್ಟಿಕೊಳ್ಳುವ ಬಗೆಯನ್ನು ಉಪಗ್ರಹ ಚಿತ್ರಗಳ ಮೂಲಕ ವಿವರಿಸಿದ ಭಾನುವಾರದ ಲೇಖನ ಓದಿ ಖುಷಿಯಾಯಿತು. ಪೆಸಿಫಿಕ್ ಸಾಗರದ ನೌರು ಬರೀ 21 ಚದರ ಕಿ.ಮೀ. ನೆಲ; ಹೇಳಿಕೊಳ್ಳುವಂಥ ಗುಡ್ಡವೂ ಇಲ್ಲ. ಬಿಸಿಲೇರಿದರೆ ಆ ನೆಲ ಸುತ್ತಲ ಕಡಲಿಗಿಂತ ಬೇಗ ಕಾಯುತ್ತದೆ, ಕಾದ ಗಾಳಿ ಮೇಲೇಳುತ್ತದೆ, ಹುಟ್ಟಿದ ಮೋಡಗಳ ಸಾಲು ಗಾಳಿ ಬೀಸಿದತ್ತ ನೂರು ಕಿ.ಮೀ.ಗೂ ಆಚೆ ಬಾಲದಂತೆ ಚಾಚುತ್ತದೆ. ನಮ್ಮ ಒಂದು ಹೋಬಳಿಯಷ್ಟೂ ಇಲ್ಲದ ಜಾಗದ ದರ್ಬಾರು ಇದು!

ಬೆಟ್ಟವಿರುವ ದ್ವೀಪಗಳ ಮಾತನ್ನು ಲೇಖಕರು ಬಿಟ್ಟರು. ಕೆರಿಬಿಯನ್ ಕಡಲಿನ ಡೊಮಿನಿಕಾದಲ್ಲಿ 1,447 ಮೀಟರ್ ಎತ್ತರದ ಶಿಖರವಿದೆ. 2011ರಲ್ಲಿ ವಿಜ್ಞಾನಿಗಳು ಅಲ್ಲಿ ವಿಮಾನ ಹಾರಿಸಿ ಮೋಡಗಳನ್ನು ಅಳೆದರು. ಗಾಳಿ ಜೋರಿದ್ದ ದಿನಗಳಲ್ಲಿ ನೆಲದ ಕಾವಿನ ಆಟ ನಡೆಯಲಿಲ್ಲ. ಬೆಟ್ಟಕ್ಕೆ ಗುದ್ದಿದ ಗಾಳಿ ಮೇಲೇರಿಯೇ ಮಳೆ ಸುರಿಯಿತು. ಗಾಳಿ ಸೋತ ದಿನ ಮಾತ್ರ ಮಧ್ಯಾಹ್ನದ ಕಾವಿನಿಂದ ಮೋಡ ಎದ್ದಿತು.

ಕೊಡಗು ದ್ವೀಪವಲ್ಲ, ಒಪ್ಪುತ್ತೇನೆ. ಆದರೂ ಈ ಎರಡೂ ಮಳೆ ನಮಗೆ ಗೊತ್ತು. ಕಕ್ಕಡದ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆ ಮೊದಲನೆಯದು: ತಡಿಯಂಡಮೋಳ್, ಬ್ರಹ್ಮಗಿರಿ ಸಾಲಿಗೆ ಮುಂಗಾರು ಬಂದು ಗುದ್ದುತ್ತದೆ; ಭಾಗಮಂಡಲ ಮುಳುಗುವಾಗ ಕುಶಾಲನಗರದಲ್ಲಿ ಕೊಡೆ ಬಿಚ್ಚಬೇಕೋ ಬೇಡವೋ ಎನ್ನುವಷ್ಟು ಹನಿ. ಕಾಫಿ ಹೂ ಅರಳಿಸುವ ಮಾರ್ಚ್–ಏಪ್ರಿಲ್‌ನ ಹೂಮಳೆ ಎರಡನೆಯದರ ನೆಂಟ. ಬೆಳಗ್ಗೆ ತಿಳಿಯಾದ ಆಕಾಶ, ಮೂರು ಗಂಟೆಗೆ ಗುಡುಗು, ಒಂದು ತೋಟಕ್ಕೆ ಸುರಿದು ಬೇಲಿಯಾಚೆಗೆ ಧೂಳು.

ಕಳೆದ ಮಾರ್ಚ್‌ನಲ್ಲಿ 'ಕೊಡಗು ಜಿಲ್ಲೆಯಲ್ಲಿ ಮಳೆ ಸಾಧ್ಯತೆ' ಎಂಬ ಒಂದು ಸಾಲನ್ನು ನಂಬಿ ನಾನು ಸ್ಪ್ರಿಂಕ್ಲರ್ ಹಾಕದೆ ಕುಳಿತೆ. ಪಕ್ಕದ ಊರಿಗೆ ಒಂದೂವರೆ ಇಂಚು ಬಿತ್ತು. ನನ್ನ ತೋಟಕ್ಕೆ ಎಂಟು ಸೆಂಟ್, ಅಂದರೆ ಇಂಚಿನ ನೂರರಲ್ಲಿ ಎಂಟು ಪಾಲು. ರೊಬಸ್ಟಾ ಮೊಗ್ಗು ಅರೆಬರೆ ಅರಳಿ ಕೆಟ್ಟುಹೋಯಿತು. ಸಾಲು ಸುಳ್ಳೇನಲ್ಲ, ಜಿಲ್ಲೆಯಲ್ಲಿ ಮಳೆ ಬಂದಿತ್ತಲ್ಲ!

2024ರ ಫೆಬ್ರವರಿಯಲ್ಲಿ ಹಾರಿದ ಇನ್ಸಾಟ್–3ಡಿಎಸ್ ಸೇರಿದಂತೆ ನಮ್ಮ ಉಪಗ್ರಹಗಳು ದಿನವಿಡೀ ಮೋಡದ ಚಿತ್ರ ಕಳುಹಿಸುತ್ತಿವೆ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳಿವೆ. ಹೂಮಳೆಯ ಎರಡು ತಿಂಗಳಾದರೂ ಹಿಂದಿನ ದಿನದ ಮೂರು ಗಂಟೆಯ ಉಪಗ್ರಹ ಚಿತ್ರವನ್ನೂ ಹೋಬಳಿವಾರು ಮಳೆಯ ಲೆಕ್ಕವನ್ನೂ ಜಿಲ್ಲಾ ಪುಟದಲ್ಲಿ ಅಚ್ಚು ಹಾಕಿ. ಮಡಿಕೇರಿಯ ಒಂದೇ ಅಂಕಿಗೆ ಈಗ ಕೊಡುತ್ತಿರುವ ಚೌಕದ ಪಕ್ಕ ನಾಲ್ಕು ಬೆರಳಷ್ಟು ಜಾಗ ಸಾಕು.

– ಒಬ್ಬ ಕಾಫಿ ಬೆಳೆಗಾರ, ನಾಪೋಕ್ಲು