ಕೈ ಹಿಡಿದು ಎಳೆಯಬೇಡಿ

ಮಾನ್ಯರೇ,

ಕಳೆದ ತಿಂಗಳು ಒಂದು ನಾಟಕಕ್ಕೆ ಹೋಗಿದ್ದೆ. ಎರಡನೇ ಸಾಲಿನಲ್ಲಿ ಕೂತಿದ್ದೆ. ನಡುವೆ ನಟನೊಬ್ಬ ವೇದಿಕೆಯಿಂದ ಇಳಿದು ಬಂದು ನನ್ನ ಕೈ ಹಿಡಿದ. ಮೇಲೆ ಬಂದು ಕುಣಿಯಿರಿ ಎಂದ. ಮಂಡಿನೋವು ಎಂದರೂ ಬಿಡಲಿಲ್ಲ. ಎರಡು ಹೆಜ್ಜೆ ಹಾಕಿ, ಬೆವರುತ್ತಾ ಬಂದು ಕೂತೆ. ಆಮೇಲೆ ನಾಟಕದಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಮತ್ತೆ ಕರೆದಾರು ಅನ್ನೋ ಭಯದಲ್ಲೇ ಇದ್ದೆ. ಮುಗಿದ ಮೇಲೆ ನಿರ್ದೇಶಕರನ್ನು ಕೇಳಿದರೆ, ‘ನಾಲ್ಕನೇ ಗೋಡೆ ಒಡೀತಿದ್ದೇವೆ ಸಾರ್’ ಎಂದರು.

ನಟರಿಗೂ ನೋಡುಗರಿಗೂ ನಡುವೆ ಇದೆ ಎಂದುಕೊಳ್ಳುವ ಆ ಗೋಡೆ ಕಟ್ಟಿದ್ದಾದರೂ ಯಾರು? ಫ್ರಾನ್ಸಿನ ಲೇಖಕ ದಿದೆರೋ 1758ರಲ್ಲಿ ನಟರಿಗೆ ಹೇಳಿದ್ದ: ರಂಗದ ಅಂಚಿನಲ್ಲಿ ದೊಡ್ಡ ಗೋಡೆ ಇದೆ ಅಂದುಕೊಳ್ಳಿ, ಪರದೆ ಎದ್ದೇ ಇಲ್ಲ ಎಂಬಂತೆ ಆಡಿ, ಅಂತ. ನಮ್ಮ ಕರಾವಳಿಯ ಯಕ್ಷಗಾನ ಬಯಲಾಟಕ್ಕೆ ಈ ಗೋಡೆಯೇ ಇರಲಿಲ್ಲ. ಹಾಡುತ್ತಾ ಆಟ ನಡೆಸುವ ಭಾಗವತರು ರಂಗಸ್ಥಳದಲ್ಲೇ ಎಲ್ಲರಿಗೂ ಕಾಣುವಂತೆ ಕೂತಿರುತ್ತಾರೆ. ವೇಷಧಾರಿ ಅವರ ಜತೆಗೇ ಮಾತಿಗಿಳಿಯುತ್ತಾನೆ. ನಾವು ಕೇಳಬೇಕೆಂದುಕೊಂಡ ಪ್ರಶ್ನೆಯನ್ನು ಅವರೇ ಕೇಳಿಬಿಡುತ್ತಾರೆ.

‘ದೇವಿ ಮಹಾತ್ಮೆ’ ಪ್ರಸಂಗದ ಮಹಿಷಾಸುರನನ್ನು ನೆನಪಿಸಿಕೊಳ್ಳಿ. ಅವನು ಬರುವುದು ಜನರ ಬೆನ್ನ ಹಿಂದಿನಿಂದ. ಕೈಯಲ್ಲಿ ದೊಂದಿ, ರಾಳದ ಪುಡಿ ಎರಚಿದಾಗ ಭುಗ್ಗನೆ ಏಳುವ ಬೆಂಕಿ, ಮೇಲೆ ಚೆಂಡೆಯ ಅಬ್ಬರ. ಅರೆನಿದ್ದೆಯ ಮಕ್ಕಳು ಕಿರುಚಿಕೊಂಡು ಏಳುತ್ತಿದ್ದರು. ನಾನಂತೂ ಅಜ್ಜಿಯ ಕಂಬಳಿಯೊಳಗೆ ಹೊಕ್ಕಿದ್ದೆ. ಆದರೆ ಅಷ್ಟು ದೊಡ್ಡ ರಾಕ್ಷಸ ಯಾರನ್ನೂ ಎಬ್ಬಿಸಿ ಕುಣಿಸಲಿಲ್ಲ. ನಮ್ಮ ನಡುವೆ ಹಾದುಹೋದ, ಅಷ್ಟೇ. ಬೇಕಾದವರು ಎದ್ದು ಹೋಗಿ ಚಾ ಕುಡಿದು ಬಂದರು. ಕೆಲವರು ಚಾಪೆಯ ಮೇಲೆ ಮತ್ತೆ ನಿದ್ದೆಗೆ ಜಾರಿದರು.

ಕಂಪನಿ ನಾಟಕದಲ್ಲಿ ‘ವನ್ಸ್ ಮೋರ್’ ಎಂದು ಕೂಗಿದರೆ ಸತ್ತುಬಿದ್ದವನೂ ಎದ್ದು ಇನ್ನೊಮ್ಮೆ ಹಾಡುತ್ತಿದ್ದ ಎಂದು ಹಿರಿಯರು ನಗುತ್ತಾ ಹೇಳುತ್ತಿದ್ದರು. ಅಲ್ಲಿ ಗೋಡೆ ಒಡೆಯುತ್ತಿದ್ದವರು ನೋಡುಗರೇ! ಕಾರ್ನಾಡರ ‘ಹಯವದನ’ದಲ್ಲೂ ನಾಟಕ ಶುರುವಾಗುತ್ತಿದ್ದಂತೆ ನಟನೊಬ್ಬ ಹೆದರಿ ಓಡಿಬಂದು ಎಲ್ಲ ನಿಲ್ಲಿಸಿಬಿಡುತ್ತಾನೆ. ಭಾಗವತ ನೇರ ನಮ್ಮೊಂದಿಗೇ ಮಾತಾಡುತ್ತಾನೆ. ಆದರೂ ನಮ್ಮ ಕುರ್ಚಿ ನಮ್ಮದೇ ಅಲ್ವಾ?

ನಟರು ನಮ್ಮ ಬಳಿ ಬರಲಿ, ಮಾತಾಡಿಸಲಿ, ತಮಾಷೆಯನ್ನೂ ಮಾಡಲಿ. ನೋಡುಗರನ್ನು ವೇದಿಕೆಗೆ ಹತ್ತಿಸುವ ಯೋಚನೆ ಇದ್ದರೆ ಮಾತ್ರ ಟಿಕೆಟ್ ಕೊಡುವಾಗಲೇ ಹೇಳಿಬಿಡಿ. ಇಷ್ಟವಿದ್ದವರು ಮುಂದೆ ಕೂರಲಿ. ನನಗೆ ಕೊನೆಯ ಸಾಲೇ ಸಾಕು.

– ಒಬ್ಬ ಹಳೆಯ ಪ್ರೇಕ್ಷಕ, ಮಂಗಳೂರು