ಪಕ್ಷಕ್ಕೆ 48 ಗಂಟೆ: ಸೆಮಿನಾರಿನಲ್ಲಿ ಹೇಳದ ಲೆಕ್ಕ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪತ್ರಿಕೆ ಬಿಡಿಸುವಾಗ ಒಳಗಿಂದ ಬಣ್ಣದ ಕರಪತ್ರವೊಂದು ಜಾರಿ ಬಿತ್ತು. ವಿದೇಶದಲ್ಲಿ ಓದಿ, ಓದುತ್ತಲೇ ಗಳಿಸಿ, ಪಾರ್ಟ್‌ಟೈಮ್ ದುಡಿಮೆಯಲ್ಲೇ ಫೀಸು ಹುಟ್ಟುತ್ತದೆ ಎಂದಿತ್ತು. ಶಿರಸಿಯ ಹೋಟೆಲೊಂದರಲ್ಲಿ ಉಚಿತ ಸೆಮಿನಾರು, ಮಧ್ಯಾಹ್ನ ಊಟವೂ ಉಂಟಂತೆ. ಎರಡು ವರ್ಷದ ಹಿಂದೆ ಇಂಥದೇ ಒಂದು ಊಟ ಉಂಡು ಬಂದವ ನಾನು. ಅದಕ್ಕೇ ಈ ಪತ್ರ.

ಅಂದು ಮಾತಾಡಿದ ಹುಡುಗ ಬೋರ್ಡಿನ ಮೇಲೆ ಗಂಟೆಗೆ ಇಷ್ಟು ಡಾಲರ್ ಎಂದು ಬರೆದು, ಅದನ್ನು ರೂಪಾಯಿ ಮಾಡಿ, ತಿಂಗಳಿಗೆ ಗುಣಿಸಿದ. ನಾವು ಪಾಲಕರು ಮನಸ್ಸಿನಲ್ಲೇ ಅದು ಎಷ್ಟು ಕ್ವಿಂಟಲ್ ಚಾಲಿ ಅಡಿಕೆ ಆಯಿತು ಎಂದು ಲೆಕ್ಕ ಹಾಕುತ್ತ ಕೂತೆವು. ದಿನಕ್ಕೆ ಎಷ್ಟು ಗಂಟೆ ಬೇಕಾದರೂ ದುಡಿಯಬಹುದೋ ಎಂದು ಒಬ್ಬರೂ ಕೇಳಲಿಲ್ಲ. ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನಿಗೆ ಕೊನೆ ಎಣಿಸಿ, ಸುಲಿಯುವವರಿಗೆ ಕಿಲೋ ತೂಗಿ ಕೂಲಿ ಕೊಡುವ ನಮಗೆ, ದುಡಿಯುವವನಿಗೇ ಸರಕಾರ ಗಂಟೆ ಅಳೆದು ಕೊಡುತ್ತದೆ ಎಂಬುದು ತಲೆಗೇ ಬರಲಿಲ್ಲ. ತೋಟದ ಪತ್ರ ಬ್ಯಾಂಕಿಗೆ ಹೋಯಿತು, ಮಗ ಮೆಲ್ಬರ್ನಿಗೆ ಹೋದ.

ಆಸ್ಟ್ರೇಲಿಯಾದ ನಿಯಮ ಹೀಗಿದೆ. ಕಾಲೇಜು ನಡೆಯುವಾಗ ವಿದ್ಯಾರ್ಥಿ ವೀಸಾದವರು ಪಕ್ಷವೊಂದಕ್ಕೆ 48 ಗಂಟೆ ಮಾತ್ರ ದುಡಿಯಬೇಕು. ಪಕ್ಷ ಎಂದರೆ ನಮ್ಮ ಪಂಚಾಂಗದ ಪಕ್ಷವಲ್ಲ, ಸೋಮವಾರದಿಂದ ಶುರುವಾಗುವ 14 ದಿನ. ಕೋರ್ಸು ಆರಂಭವಾಗುವ ಮುನ್ನ ಒಂದು ಗಂಟೆಯೂ ಇಲ್ಲ, ಕೋರ್ಸಿನ ರಜೆಯಲ್ಲಿ ಮಿತಿ ಇಲ್ಲ. ಕೋವಿಡ್ ಹೊತ್ತಿನಲ್ಲಿ ಆಳು ಸಾಲದೆ 2022ರ ಜನವರಿಯಿಂದ 2023ರ ಜೂನ್ ತನಕ ಗಂಟೆಯ ಮಿತಿಯನ್ನೇ ಸಡಿಲಿಸಿದ್ದರು. ಸೆಮಿನಾರಿನವರು ಹೇಳಿದ 'ನಮ್ಮ ಹುಡುಗನೊಬ್ಬ ಕಾರು ತಗೊಂಡ' ಎಂಬ ಕತೆ ಆ ಕಾಲದ್ದೇ ಇರಬೇಕು. 2023ರ ಜುಲೈ 1ಕ್ಕೆ ಮಿತಿ ವಾಪಸು ಬಂತು, ಕತೆ ಮಾತ್ರ ಇನ್ನೂ ನಡೆಯುತ್ತಿದೆ.

ಹುಡುಗರು ಜಾರಿ ಬೀಳುವುದು ಇದರ ಇನ್ನೊಂದು ಮಗ್ಗುಲಲ್ಲಿ. ನನ್ನ ಮಗ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾನೆ. (ಮನೆಯಲ್ಲಿ ಉಂಡ ಬಾಳೆ ಎಲೆ ಎತ್ತಿದವನಲ್ಲ. ಅವನ ಆಯಿಗೆ ಇದನ್ನು ಈಚೆಗಷ್ಟೇ ಹೇಳಿದ್ದೇವೆ.) ಒಂದು ತಿಂಗಳು ಅವನ ಪಾಳಿ ಹೀಗಿತ್ತು: ಮೊದಲ ವಾರ 14 ಗಂಟೆ, ಎರಡನೆಯದು 32, ಮೂರನೆಯದಕ್ಕೆ 30, ನಾಲ್ಕನೆಯದಕ್ಕೆ 16 ಹಾಕಿದ್ದರು. ಒಂದು-ಎರಡು ಕೂಡಿದರೆ 46, ಮೂರು-ನಾಲ್ಕು ಕೂಡಿದರೂ 46. ಫೋನಿನಲ್ಲಿ ಕೇಳಿ ನಾನು 'ಅಡ್ಡಿಲ್ಲೆ' ಎಂದುಬಿಟ್ಟೆ. ಆದರೆ ಎರಡನೇ ವಾರ ಮತ್ತು ಮೂರನೇ ವಾರವೂ ಒಂದು ಪಕ್ಷವೇ. ಅವು ಸೇರಿದರೆ 62. ಅಕ್ಕಪಕ್ಕದ ಯಾವ ಎರಡು ವಾರ ಹಿಡಿದರೂ 48 ದಾಟಬಾರದು. ಜೊತೆಗಿದ್ದ ಹುಡುಗಿಯೊಬ್ಬಳು ಹೇಳಿದ್ದರಿಂದ ಮಗ ಮೂರನೇ ವಾರದ ಎರಡು ಪಾಳಿ ಬಿಟ್ಟು, ಉಳಿದ. ಈಗ ಅವನ ಬಳಿ ನಮ್ಮ ಅಡಿಕೆ ಸುಲಿಯುವವರ ಲೆಕ್ಕದ ಪಟ್ಟಿಯಂಥದೇ ಒಂದು ಪುಸ್ತಕ ಉಂಟು. ಕಿಲೋ ಇದ್ದಲ್ಲಿ ಗಂಟೆ, ಅಷ್ಟೇ.

ಇನ್ನು ಫೀಸು ಹುಟ್ಟುವ ಮಾತು. 2025ರ ಜುಲೈಗೆ ಅಲ್ಲಿಯ ಕನಿಷ್ಠ ವೇತನ ಗಂಟೆಗೆ 24.95 ಆಸ್ಟ್ರೇಲಿಯನ್ ಡಾಲರ್ ಆಯಿತು. 48 ಗಂಟೆಗೆ ಸುಮಾರು 1,200. ವರ್ಷದ 26 ಪಕ್ಷವೂ ಒಂದು ಗಂಟೆ ಬಿಡದೆ ಕೆಲಸ ಸಿಕ್ಕರೆ 31 ಸಾವಿರದ ಆಸುಪಾಸು, ಅದರಲ್ಲಿ ತೆರಿಗೆ ಬೇರೆ. ವೀಸಾಕ್ಕೆ ಅರ್ಜಿ ಹಾಕುವಾಗ, ಒಬ್ಬರ ಒಂದು ವರ್ಷದ ಖರ್ಚಿಗೆಂದೇ 29,710 ಡಾಲರ್ ತೋರಿಸು ಎಂದು ಅದೇ ಸರಕಾರ 2024ರ ಮೇ ತಿಂಗಳಿನಿಂದ ಕೇಳುತ್ತಿದೆ. ಅಂದರೆ ದುಡಿದದ್ದು ಬಾಡಿಗೆ, ಊಟ, ಬಸ್ಸಿಗೆ ಸರಿಹೋಯಿತು. ಕ್ಯಾಶುವಲ್, ಅಂದರೆ ಕಾಯಂ ಅಲ್ಲದ ಕೆಲಸಕ್ಕೆ ಕಾಲು ಭಾಗ ಹೆಚ್ಚು ಸಿಗುತ್ತದೆ, ರಜೆಯಲ್ಲಿ ಇನ್ನಷ್ಟು ದುಡಿಯಬಹುದು, ನಿಜ. ಅಷ್ಟಕ್ಕೆಲ್ಲ ಫೀಸು ಹುಟ್ಟುವುದಿಲ್ಲ. ಫೀಸು ಹುಟ್ಟುವುದು ತೋಟದಲ್ಲಿಯೇ, ಕೊಳೆರೋಗ ಬಿಟ್ಟರೆ.

ಬೇರೆ ದೇಶದ್ದೂ ಇದೇ ಜಾತಿ. ಬ್ರಿಟನ್ನಿನಲ್ಲಿ ಪದವಿ ಓದುವವರಿಗೆ ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ. ಈ ವಾರ 10, ಬರುವ ವಾರ 30 ಎಂದು ಸರಿತೂಗಿಸಲಿಕ್ಕಿಲ್ಲ. ಸ್ವಂತ ಉದ್ಯೋಗವೂ ನಿಷಿದ್ಧ. ಕೆನಡಾದಲ್ಲಿ 2024ರ ನವೆಂಬರ್ 8ರಿಂದ ಕ್ಯಾಂಪಸ್ಸಿನ ಹೊರಗೆ ವಾರಕ್ಕೆ 24. ಅಮೆರಿಕದಲ್ಲಂತೂ ಮೊದಲ ವರ್ಷ ಕ್ಯಾಂಪಸ್ ಬಿಟ್ಟು ಹೊರಗೆ ದುಡಿಯುವ ಹಾಗೆಯೇ ಇಲ್ಲ.

ನಿಯಮ ಕೆಟ್ಟದು ಎಂದು ನಾನು ಹೇಳುವುದಿಲ್ಲ. ಓದಲು ಹೋದವ ಓದಬೇಕಲ್ಲ. ಹೆದರಿಕೆ ಇರುವುದು 'ಹೆಚ್ಚಿನ ಗಂಟೆಗೆ ಕೈಗೇ ಕ್ಯಾಶ್ ಕೊಡ್ತೇನೆ' ಎನ್ನುವ ಮಾಲೀಕರದ್ದು. ಮಿತಿ ದಾಟಿದ ಹುಡುಗ ದೂರು ಕೊಡುವುದಿಲ್ಲ ಎಂದು ಅವರಿಗೆ ಗೊತ್ತು. ಹಾಗಾಗಿ ಅರ್ಧ ಕೂಲಿಗೂ ದುಡಿಸುತ್ತಾರೆ. ವೀಸಾ ಹೋದೀತು ಎಂದು ಹೆದರಿಸಿ ಹೀಗೆ ದುಡಿಸುವುದನ್ನು ಆಸ್ಟ್ರೇಲಿಯಾ 2024ರ ಜುಲೈನಿಂದ ಅಪರಾಧ ಮಾಡಿದೆ. ಆದರೆ ಸಾಲದ ಕಂತು ನೆನಪಿರುವ ಹುಡುಗ ಬಾಯಿ ಬಿಟ್ಟಾನೋ?

ನಿಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಇಂಥ ಕರಪತ್ರ ಪತ್ರಿಕೆಯೊಳಗೆ ಇಟ್ಟು ಹಂಚುವ ದಿನವೇ, ಆಯಾ ದೇಶದ ಗಂಟೆಯ ಮಿತಿಯನ್ನು ಕನ್ನಡದಲ್ಲಿ ನಾಲ್ಕು ಸಾಲು ಅಚ್ಚು ಹಾಕಿ. ಪೇಟೆ ಧಾರಣೆಯ ಪಕ್ಕದಲ್ಲಿ ಹಾಕಿದರೆ ಇನ್ನೂ ಒಳ್ಳೆಯದು, ನಮ್ಮ ಕಡೆ ಮೊದಲು ಓದುವುದು ಅದನ್ನೇ.

ಬರುವ ಭಾನುವಾರದ ಸೆಮಿನಾರಿಗೆ ನಾನೂ ಹೋಗುವವನಿದ್ದೇನೆ. ಚೀಟಿಯ ಮೇಲೆ 14, 32, 30, 16 ಎಂದು ಬರೆದುಕೊಂಡು ಹೋಗಿ, ಇದು ಸರಿಯೋ ತಪ್ಪೋ ಎಂದು ಊಟಕ್ಕೆ ಮೊದಲೇ ಕೇಳುತ್ತೇನೆ.

ಇತಿ,
ಅಡಿಕೆ ಬೆಳೆಗಾರ, ಒಬ್ಬ ಪಾಲಕ
ಶಿರಸಿ ತಾಲ್ಲೂಕು
(ದಯಮಾಡಿ ಹೆಸರು ಹಾಕಬೇಡಿ. ಅವನ ಆಯಿ ಪತ್ರಿಕೆ ಓದುತ್ತಾಳೆ.)