ಶನಿವಾರದ ಮಂಗಳೂರು ಸುತ್ತಾಟ: ಓದಿ, ಉತ್ತರಿಸಿ

ಎಲ್ಲರಿಗೂ ನಮಸ್ಕಾರ. ಹೆಸರು ಕೊಟ್ಟವರೆಲ್ಲ ಶನಿವಾರ ಬೆಳಿಗ್ಗೆ 7.30ಕ್ಕೆ ಹಂಪನಕಟ್ಟೆಯಲ್ಲಿ ಸೇರಿ.

ಮೊದಲು ಕದ್ರಿ ಮಂಜುನಾಥ ದೇವಸ್ಥಾನ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಅದಕ್ಕೇ ಬೇಗ ಹೊರಡುವುದು. ಅಲ್ಲಿನ ಕಂಚಿನ ಲೋಕೇಶ್ವರನನ್ನು ಸುಮ್ನೆ ಕೈಮುಗಿದು ದಾಟಬೇಡಿ. ಪೀಠದ ಶಾಸನ ಕ್ರಿ.ಶ. 968ರದು, ಆಳುಪ ರಾಜ ಕುಂದವರ್ಮನ ಕಾಲದ್ದು. ಮೂರು ಮುಖ, ಆರು ಕೈ, ಎಣಿಸಿ ನೋಡಿ.

ಆಮೇಲೆ ಸಂತ ಅಲೋಶಿಯಸ್ ಚಾಪೆಲ್. ಗೋಡೆ, ಛಾವಣಿ ಎಲ್ಲ ಇಟಲಿಯ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳೇ. ಕತ್ತು ನೋಯುತ್ತದೆ, ಆದರೂ ಮೇಲೆ ನೋಡಿ. ಒಳಗೆ ಮಾತು ಬೇಡ, ಫೋನ್ ಜೇಬಿನಲ್ಲಿರಲಿ. ಊಟ ಪೇಟೆಯಲ್ಲೇ.

ಸಂಜೆ 4ಕ್ಕೆ ಸುಲ್ತಾನ್ ಬತ್ತೇರಿ. ಗುರುಪುರ ನದಿಗೆ ಯುದ್ಧದ ಹಡಗು ನುಗ್ಗದಂತೆ ಟಿಪ್ಪು 1784ರಲ್ಲಿ ಕಪ್ಪುಕಲ್ಲಿನಲ್ಲಿ ಕಟ್ಟಿಸಿದ ಕಾವಲು ಗೋಪುರ. ಚಿಕ್ಕದೇ, ಜಾಸ್ತಿ ಹೊತ್ತು ಬೇಡ. ದೋಣಿ ಸಿಕ್ಕರೆ ನದಿ ದಾಟಿ ತಣ್ಣೀರುಬಾವಿ ಕಡಲತೀರ, ಇಲ್ಲವಾದರೆ ಪಣಂಬೂರು.

ಟೋಪಿ, ನೀರಿನ ಬಾಟಲಿ, ಸುಲಭವಾಗಿ ಕಳಚುವ ಚಪ್ಪಲಿ ಇರಲಿ. ಸೆಕೆ ಗೊತ್ತಲ್ವಾ! ಮಕ್ಕಳನ್ನು ನೀರಿಗಿಳಿಸುವವರು ಪಕ್ಕದಲ್ಲೇ ನಿಲ್ಲಬೇಕು.

ಎಷ್ಟು ಜನ, ಊಟ ಸಸ್ಯಾಹಾರವೋ ಮೀನೋ ಅಂತ ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಬರೀ ಹೆಬ್ಬೆಟ್ಟಿನ ಗುರುತು ಹಾಕಿದರೆ ಲೆಕ್ಕಕ್ಕಿಲ್ಲ.